ನಿದ್ರೆಯ ಉಸಿರುಕಟ್ಟಿಗೆ ರೇಡಾರ್ ತಪಾಸಣೆ

ಮಲಗಿದವರ ಮೈಗೆ ತಂತಿ, ಪಟ್ಟಿ, ನಳಿಕೆ ಯಾವುದನ್ನೂ ತಾಗಿಸದೆ ನಡೆಸುವ ತಪಾಸಣೆ ಇದು. ಹಾಸಿಗೆಯ ಪಕ್ಕದಲ್ಲಿಟ್ಟ ಪುಟ್ಟ ರೇಡಾರ್ ರಾತ್ರಿಯಿಡೀ ಎದೆ, ಹೊಟ್ಟೆಗಳ ಏರಿಳಿತವನ್ನು ಗಮನಿಸುತ್ತದೆ. ನಿದ್ರೆಯಲ್ಲಿ ಉಸಿರು ಕಟ್ಟುವ ತೊಂದರೆ ಯಾರಿಗೆ ಇರಬಹುದು ಎಂಬುದನ್ನು ಆ ಏರಿಳಿತದಿಂದ ಊಹಿಸಲಾಗುತ್ತದೆ. ಅಲೆಗಳು ಕಂಬಳಿ, ದುಪ್ಪಟಿ, ಸೊಳ್ಳೆಪರದೆಗಳನ್ನು ದಾಟಿಹೋಗುತ್ತವೆ. ಬೆಳಕು ಬೇಡ, ಕ್ಯಾಮೆರಾ ಬೇಡ. ಇದನ್ನು ರೋಗನಿರ್ಣಯವೆಂದು ತಿಳಿಯಬಾರದು. ಕಾಳಿನ ರಾಶಿಯಿಂದ ಕಲ್ಲನ್ನು ಬೇರೆ ಮಾಡುವ ಜರಡಿಯಂತೆ, ಯಾರನ್ನು ಮುಂದಿನ ಪರೀಕ್ಷೆಗೆ ಕಳಿಸಬೇಕು ಎಂದು ಆರಿಸಿಕೊಡುವುದಷ್ಟೇ ಇದರ ಕೆಲಸ. ಈ ಗೆರೆ ಅಳಿಸಿದರೆ ಲಾಭಕ್ಕಿಂತ ಹಾನಿಯೇ ಹೆಚ್ಚು.

ಕಾಯಿಲೆ

ಗೊರಕೆ ಹೊಡೆಯುತ್ತಿದ್ದರೆ ಗಾಢ ನಿದ್ದೆ ಬಂದಿದೆ ಎಂದೇ ನಮ್ಮ ಮನೆಗಳಲ್ಲಿ ನಂಬಿಕೆ. ದೇಹದ ಒಳಗೆ ನಡೆಯುತ್ತಿರುವುದು ಬೇರೆ. ಎಚ್ಚರದಲ್ಲಿದ್ದಾಗ ಗಂಟಲಿನ ಸ್ನಾಯುಗಳು ಉಸಿರಿನ ದಾರಿಯನ್ನು ಬಿಗಿಯಾಗಿ ತೆರೆದಿಟ್ಟಿರುತ್ತವೆ. ನಿದ್ದೆ ಹತ್ತಿದಾಗ ಅವು ಸಡಿಲಗೊಂಡು, ನಾಲಿಗೆಯ ಬುಡ ಹಿಂದಕ್ಕೆ ಜಾರುತ್ತದೆ, ಮೆದು ಅಂಗುಳ ಇಳಿಬೀಳುತ್ತದೆ. ದಾರಿ ಕಿರಿದಾದರೆ ಆ ಭಾಗ ಅದುರಿ ಗೊರಕೆಯ ಸದ್ದು ಬರುತ್ತದೆ. ದಾರಿ ಪೂರ್ತಿ ಮುಚ್ಚಿಕೊಂಡರೆ ಸದ್ದೇ ನಿಲ್ಲುತ್ತದೆ. ಭಯಪಡಬೇಕಾದದ್ದು ಆ ಮೌನಕ್ಕೆ. ಎದೆ ಎಳೆಯುತ್ತಲೇ ಇರುತ್ತದೆ, ಗಾಳಿ ಮಾತ್ರ ಒಳಗೆ ಹೋಗುವುದಿಲ್ಲ. ರಕ್ತದಲ್ಲಿ ಆಮ್ಲಜನಕ ಇಳಿದಾಗ ಮಿದುಳು ಅರೆಗಳಿಗೆ ಎಚ್ಚೆತ್ತು ಸ್ನಾಯುಗಳನ್ನು ಬಿಗಿಗೊಳಿಸುತ್ತದೆ. ಗೊರ್ರೆಂದು ದೊಡ್ಡ ಉಸಿರೊಂದು ಬಂದು ಮತ್ತೆ ನಿದ್ದೆ, ಮತ್ತೆ ಉಸಿರುಕಟ್ಟು. ಹೀಗೆ ರಾತ್ರಿಯಲ್ಲಿ ನೂರಾರು ಸಲ ಆದರೂ ಬೆಳಿಗ್ಗೆ ಎದ್ದವರಿಗೆ ಒಂದೂ ನೆನಪಿರುವುದಿಲ್ಲ. ಉಳಿಯುವುದು ಬೆಳಗಿನ ತಲೆನೋವು, ಒಣಗಿದ ಬಾಯಿ, ಹಗಲಿನ ತೂಕಡಿಕೆ, ಸಿಡುಕು. ವರ್ಷಗಳು ಕಳೆದಂತೆ ಮಾತ್ರೆಗೆ ಬಗ್ಗದ ರಕ್ತದೊತ್ತಡ, ಹೃದಯದ ಲಯ ತಪ್ಪುವಿಕೆ, ಪಾರ್ಶ್ವವಾಯು ಇವೆಲ್ಲ ಈ ಕಾಯಿಲೆಯ ಜೊತೆಜೊತೆಗೆ ಕಾಣಿಸಿಕೊಳ್ಳುತ್ತವೆ. ವಾಹನ ಓಡಿಸುವವರಲ್ಲಿ ಅಪಘಾತದ ಸಂಭವವೂ ಹೆಚ್ಚು.

ಕಾಯಿಲೆಯನ್ನು ಅಳೆಯುವ ಕೋಲು ಎಣಿಕೆಯದು. ಗಾಳಿಯ ಹರಿವು ಕನಿಷ್ಠ 10 ಸೆಕೆಂಡು ಕಾಲ ಶೇ. 90ರಷ್ಟು ಅಥವಾ ಅದಕ್ಕಿಂತ ಹೆಚ್ಚು ಕುಸಿದರೆ ಅದು ಆಪ್ನಿಯಾ, ಅಂದರೆ ಪೂರ್ಣ ಉಸಿರುಕಟ್ಟು. ಶೇ. 30ರಷ್ಟಾದರೂ ಕುಸಿದು, ಜೊತೆಗೆ ಆಮ್ಲಜನಕ ಇಳಿದರೆ ಅಥವಾ ಮಿದುಳು ಅರೆಗಳಿಗೆ ಎಚ್ಚೆತ್ತರೆ ಅದು ಹೈಪಾಪ್ನಿಯಾ, ಅಂದರೆ ಅರೆ ಉಸಿರುಕಟ್ಟು. ಈ ಎರಡನ್ನೂ ಕೂಡಿಸಿ, ನಿದ್ರಿಸಿದ ಗಂಟೆಗಳಿಂದ ಭಾಗಿಸಿದರೆ ಸಿಗುವುದು ಎಎಚ್‌ಐ ಸೂಚ್ಯಂಕ. ಗಂಟೆಗೆ 5ಕ್ಕಿಂತ ಕಡಿಮೆ ಇದ್ದರೆ ಸಹಜ, 5ರಿಂದ 15ರ ತನಕ ಸೌಮ್ಯ, 15ರಿಂದ 30ರ ತನಕ ಮಧ್ಯಮ, 30 ದಾಟಿದರೆ ತೀವ್ರ.

ಇನ್ನೊಂದು ಬಗೆಯಲ್ಲಿ ಗಂಟಲಿನ ದಾರಿ ತೆರೆದೇ ಇರುತ್ತದೆ, ಉಸಿರಾಡು ಎಂಬ ಆಜ್ಞೆಯೇ ಮಿದುಳಿನಿಂದ ಹೊರಡುವುದಿಲ್ಲ. ಇದಕ್ಕೆ ಕೇಂದ್ರ ಆಪ್ನಿಯಾ ಎನ್ನುತ್ತಾರೆ. ಹೃದಯ ಸೋತವರಲ್ಲಿ ಉಸಿರು ಮೆಲ್ಲಗೆ ಏರುತ್ತಾ ಹೋಗಿ, ಮೆಲ್ಲಗೆ ಇಳಿದು, ನಿಂತು, ಮತ್ತೆ ಏರುವ ಒಂದು ವಿಚಿತ್ರ ಲಯವಿದೆ. 1818ರಲ್ಲಿ ಜಾನ್ ಚೇನ್, 1854ರಲ್ಲಿ ವಿಲಿಯಂ ಸ್ಟೋಕ್ಸ್ ಎಂಬ ಡಬ್ಲಿನ್‌ನ ವೈದ್ಯರು ಅದನ್ನು ಬಣ್ಣಿಸಿದ್ದರಿಂದ ಅದಕ್ಕೆ ಅವರಿಬ್ಬರ ಹೆಸರೇ ಉಳಿದಿದೆ. ಗಂಟಲು ಮುಚ್ಚುವ ಬಗೆಗೂ ಕೇಂದ್ರ ಆಪ್ನಿಯಾಕ್ಕೂ ಇರುವ ವ್ಯತ್ಯಾಸ ರೇಡಾರ್‌ನ ಮಟ್ಟಿಗೆ ಬಹಳ ಮುಖ್ಯವಾದದ್ದು. ಅದು ಏಕೆಂಬುದು ಮುಂದೆ ಬರುತ್ತದೆ.

ವೈದ್ಯಶಾಸ್ತ್ರ ಈ ಕಾಯಿಲೆಯನ್ನು ಗುರುತಿಸಿದ್ದು ತಡವಾಗಿ. ಚಾರ್ಲ್ಸ್ ಡಿಕನ್ಸ್ 1836–37ರ ತನ್ನ ಪಿಕ್ವಿಕ್ ಕಾದಂಬರಿಯಲ್ಲಿ ನಿಂತಲ್ಲೇ ನಿದ್ದೆಹೋಗುವ ದಢೂತಿ ಹುಡುಗನೊಬ್ಬನನ್ನು ಚಿತ್ರಿಸಿದ್ದ. 1956ರಲ್ಲಿ ಅಮೆರಿಕದ ವೈದ್ಯರು ಸ್ಥೂಲಕಾಯ, ತೂಕಡಿಕೆ, ಉಸಿರಾಟದ ಕೊರತೆಗಳು ಒಟ್ಟಿಗಿರುವ ಸ್ಥಿತಿಗೆ ಆ ಕಾದಂಬರಿಯ ಹೆಸರನ್ನೇ ಇಟ್ಟರು. 1965ರಲ್ಲಿ ಫ್ರಾನ್ಸಿನ ಮಾರ್ಸೇಲ್‌ನಲ್ಲಿ ಗಾಸ್ಟೋ ಮತ್ತು ಸಂಗಡಿಗರು, ಜರ್ಮನಿಯಲ್ಲಿ ಯುಂಗ್ ಮತ್ತು ಕೂಲೋ, ನಿದ್ದೆಯಲ್ಲಿ ಉಸಿರು ಪದೇಪದೇ ನಿಲ್ಲುವುದನ್ನು ಬೇರೆಬೇರೆಯಾಗಿ ದಾಖಲಿಸಿದರು. 1970ರ ದಶಕದಲ್ಲಿ ಸ್ಟ್ಯಾನ್‌ಫರ್ಡ್‌ನ ಕ್ರಿಶ್ಚಿಯನ್ ಗಿಯೆಮಿನೊ ಇದಕ್ಕೆ ಸ್ಪಷ್ಟ ರೂಪ ಕೊಟ್ಟ. 1981ರಲ್ಲಿ ಸಿಡ್ನಿಯ ಕಾಲಿನ್ ಸಲಿವನ್ ಮೂಗಿನ ಮೂಲಕ ಮೆಲ್ಲಗೆ ಗಾಳಿಯೊತ್ತಿ ಗಂಟಲನ್ನು ತೆರೆದಿಡುವ ಸಿಪ್ಯಾಪ್ ಚಿಕಿತ್ಸೆಯನ್ನು ಪ್ರಕಟಿಸಿದ. ಅಲ್ಲಿಯ ತನಕ ತೀವ್ರ ರೋಗಿಗಳಿಗೆ ಇದ್ದ ಮುಖ್ಯ ದಾರಿ ಕುತ್ತಿಗೆಯಲ್ಲಿ ತೂತು ಕೊರೆಯುವುದು. ಚಿಕಿತ್ಸೆ ಸುಲಭವಾದ ಮೇಲೆ ಹುಡುಕಾಟವೂ ಹೆಚ್ಚಿತು. 1993ರಲ್ಲಿ ವಿಸ್ಕಾನ್ಸಿನ್‌ನ ಸಮೀಕ್ಷೆಯೊಂದು ನಡುವಯಸ್ಸಿನ ಗಂಡಸರಲ್ಲಿ ಶೇ. 24, ಹೆಂಗಸರಲ್ಲಿ ಶೇ. 9 ಮಂದಿಯ ಸೂಚ್ಯಂಕ 5 ಅಥವಾ ಅದಕ್ಕಿಂತ ಹೆಚ್ಚು ಎಂದು ತೋರಿಸಿದಾಗ, ಇದು ಅಪರೂಪದ ಕಾಯಿಲೆಯೆಂಬ ಭ್ರಮೆ ಹರಿಯಿತು. 2019ರ ಅಂದಾಜಿನಂತೆ ಜಗತ್ತಿನಲ್ಲಿ 30ರಿಂದ 69 ವಯಸ್ಸಿನ 93.6 ಕೋಟಿ ಜನರಿಗೆ ಇದು ಯಾವುದೋ ಒಂದು ಮಟ್ಟದಲ್ಲಿದೆ. ಅವರಲ್ಲಿ 42.5 ಕೋಟಿ ಜನರದ್ದು ಮಧ್ಯಮ ಅಥವಾ ತೀವ್ರ. ದೆಹಲಿಯ ಏಮ್ಸ್ ತಜ್ಞರು 2023ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಭಾರತದ ಅಂದಾಜನ್ನು ಸುಮಾರು 10.4 ಕೋಟಿ ಎಂದು ಮುಂದಿಟ್ಟರು. ಇವರಲ್ಲಿ ಬಹುಪಾಲು ಜನರಿಗೆ ತಮಗೆ ಕಾಯಿಲೆ ಇದೆಯೆಂಬುದೇ ತಿಳಿದಿಲ್ಲ.

ತಿಳಿಯದಿರಲು ಕಾರಣ ಪರೀಕ್ಷೆಯ ಭಾರ. ಪಾಲಿಸಾಮ್ನೋಗ್ರಫಿ ಎಂಬ ಪೂರ್ಣ ನಿದ್ರಾಪರೀಕ್ಷೆಗೆ ಒಂದು ರಾತ್ರಿ ಪ್ರಯೋಗಾಲಯದಲ್ಲಿ ಮಲಗಬೇಕು. ತಲೆಗೆ ಮಿದುಳಿನ ಅಲೆ ಹಿಡಿಯುವ ಬಿಲ್ಲೆಗಳು, ಕಣ್ಣಂಚಿಗೆ, ಗಲ್ಲಕ್ಕೆ, ಕಾಲಿಗೆ ಇನ್ನಷ್ಟು, ಮೂಗಿಗೆ ನಳಿಕೆ, ಎದೆಗೂ ಹೊಟ್ಟೆಗೂ ಒಂದೊಂದು ಪಟ್ಟಿ, ಬೆರಳಿಗೆ ಆಮ್ಲಜನಕದ ಕ್ಲಿಪ್. ಪಕ್ಕದ ಕೋಣೆಯಲ್ಲಿ ರಾತ್ರಿಯೆಲ್ಲ ಎಚ್ಚರವಿರುವ ತಂತ್ರಜ್ಞರು. ಮರುದಿನ ಆ ಇಡೀ ದಾಖಲೆಯನ್ನು ಅರ್ಧರ್ಧ ನಿಮಿಷದ ತುಣುಕುಗಳಾಗಿ ಓದಿ ಗುರುತು ಹಾಕುವ ಪರಿಣತರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಾನವ ನಿದ್ರೆಯ ಸಂಶೋಧನೆಗೆಂದೇ ಪ್ರಯೋಗಾಲಯವಿದೆ. ದೊಡ್ಡ ಊರುಗಳ ಆಸ್ಪತ್ರೆಗಳಲ್ಲಿ ಪರೀಕ್ಷೆ ಸಿಗುತ್ತದೆ. ತಾಲ್ಲೂಕು ಮಟ್ಟದಲ್ಲಿ ಅದರ ಹೆಸರನ್ನು ಕೇಳಿದವರೂ ಕಡಿಮೆ. ಮನೆಗೇ ಕೊಂಡೊಯ್ಯಬಹುದಾದ ಕಿರಿಯ ಪರೀಕ್ಷಾಪೆಟ್ಟಿಗೆಗಳಿವೆ. ಅವಕ್ಕೂ ಮೂಗಿನ ನಳಿಕೆ, ಎದೆಪಟ್ಟಿ, ಬೆರಳಿನ ಕ್ಲಿಪ್ ಬೇಕು. ಒಂದು ತಂತಿ ಕಳಚಿಕೊಂಡರೂ ಆ ರಾತ್ರಿ ವ್ಯರ್ಥ. ಹೊಸ ಜಾಗ, ಮೈತುಂಬ ತಂತಿ ಇದ್ದರೆ ಯಾರಿಗೆ ತಾನೆ ಎಂದಿನ ನಿದ್ದೆ ಬರುತ್ತದೆ? ನಿದ್ರಾವಿಜ್ಞಾನದಲ್ಲಿ ಇದಕ್ಕೆ ಮೊದಲ ರಾತ್ರಿಯ ಪರಿಣಾಮ ಎಂದೇ ಹೆಸರು.

ಅಲೆ ಎದೆಯನ್ನು ಓದುವ ಬಗೆ

ಈ ಕಥೆಯ ಆರಂಭದಲ್ಲಿ ಭಾರತದ ಹೆಜ್ಜೆಯೊಂದಿದೆ. 1890ರ ದಶಕದಲ್ಲಿ ಕೋಲ್ಕತ್ತದ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಜಗದೀಶಚಂದ್ರ ಬೋಸ್ 5 ಮಿಲಿಮೀಟರಿನಷ್ಟು ಪುಟ್ಟ ತರಂಗದೂರದ ವಿದ್ಯುತ್ಕಾಂತ ಅಲೆಗಳನ್ನು ಸೃಷ್ಟಿಸಿ, ಅವುಗಳ ಪ್ರತಿಫಲನ, ವಕ್ರೀಭವನಗಳನ್ನು ಪರೀಕ್ಷಿಸಿದರು. 1897ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಅದನ್ನು ಪ್ರದರ್ಶಿಸಿದರು. ಆ ತರಂಗದೂರವೆಂದರೆ 60 ಗಿಗಾಹರ್ಟ್ಸ್. ಇಂದು ಮಲಗುವ ಕೋಣೆಯ ರೇಡಾರ್‌ಗಳಲ್ಲಿ ಹೆಚ್ಚು ಬಳಕೆಗೆ ಬಂದಿರುವುದೂ ಅದೇ ಪಟ್ಟಿ. ಅಲೆ ಬಿಟ್ಟು ಹಡಗನ್ನು ಗುರುತಿಸಬಹುದೆಂದು ಜರ್ಮನಿಯ ಕ್ರಿಶ್ಚಿಯನ್ ಹ್ಯೂಲ್ಸ್‌ಮೆಯರ್ 1904ರಲ್ಲಿ ತೋರಿಸಿದ. 1935ರಲ್ಲಿ ಬ್ರಿಟನ್ನಿನ ರಾಬರ್ಟ್ ವಾಟ್ಸನ್-ವಾಟ್ ವಿಮಾನ ಪತ್ತೆಯ ಪ್ರಯೋಗ ನಡೆಸಿದ. ಯುದ್ಧಕ್ಕೆ ಬೆಳೆದ ಈ ವಿದ್ಯೆಯನ್ನು ಮನುಷ್ಯನ ಎದೆಯ ಕಡೆಗೆ ತಿರುಗಿಸಿದವರಲ್ಲಿ ಜೇಮ್ಸ್ ಲಿನ್ ಮೊದಲಿಗರು. ಮೈಕ್ರೋವೇವ್ ಬಳಸಿ ಮೈಮುಟ್ಟದೆ ಉಸಿರಾಟ ಅಳೆಯುವ ಅವರ ಲೇಖನ 1975ರದು. 1986ರಲ್ಲಿ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಕುನ್-ಮು ಚೆನ್ ಮತ್ತು ಸಂಗಡಿಗರು ದೂರದಲ್ಲಿ ನೆಲದ ಮೇಲೆ ಮಲಗಿದವರ, ಗೋಡೆಯ ಹಿಂದಿರುವವರ ಉಸಿರು, ಎದೆಬಡಿತಗಳನ್ನು ಹಿಡಿಯುವ ಸಾಧನದ ಬಗ್ಗೆ ಬರೆದರು. ಆ ಜಾಡಿನಲ್ಲೇ ನಾಸಾ ರೂಪಿಸಿದ ಫೈಂಡರ್ ಎಂಬ ರೇಡಾರ್ 2015ರ ನೇಪಾಳ ಭೂಕಂಪದ ನಂತರ ಚೌತಾರಾದಲ್ಲಿ ಕುಸಿದ ಕಟ್ಟಡಗಳಡಿ ಬದುಕಿದ್ದ ನಾಲ್ವರನ್ನು ಪತ್ತೆಹಚ್ಚಲು ನೆರವಾಯಿತು.

ಕೆಲಸ ಮಾಡುವ ತತ್ವ ಸರಳ. ಸಾಧನ ಅಲೆಯೊಂದನ್ನು ಬಿಡುತ್ತದೆ, ಎದೆಗೆ ತಗುಲಿ ಅದು ಮರಳಿ ಬರುತ್ತದೆ. ಎದೆ ಒಂದಿಷ್ಟು ಮುಂದೆ ಬಂದರೆ ಅಲೆ ನಡೆಯುವ ದಾರಿ ಹೋಗುವಾಗಲೂ ಬರುವಾಗಲೂ ಅಷ್ಟಷ್ಟು ಕಿರಿದಾಗುತ್ತದೆ. ಹೀಗಾಗಿ ಮರಳಿದ ಅಲೆ ತನ್ನ ಏರಿಳಿತದ ಯಾವ ಘಟ್ಟದಲ್ಲಿದೆ ಎಂಬುದು ಬದಲಾಗುತ್ತದೆ. ಎಂಜಿನಿಯರ್‌ಗಳು ಈ ಘಟ್ಟಕ್ಕೆ ಫೇಸ್ ಎನ್ನುತ್ತಾರೆ. 60 ಗಿಗಾಹರ್ಟ್ಸ್‌ನಲ್ಲಿ ತರಂಗದೂರ 5 ಮಿ.ಮೀ. ಎದೆ 1 ಮಿ.ಮೀ. ಸರಿದರೆ ಫೇಸ್ 144 ಡಿಗ್ರಿ ತಿರುಗುತ್ತದೆ. 5.8 ಗಿಗಾಹರ್ಟ್ಸ್‌ನಲ್ಲಾದರೆ ಅದೇ ಚಲನೆಗೆ ಸುಮಾರು 14 ಡಿಗ್ರಿ ಮಾತ್ರ. ಶಾಂತವಾಗಿ ಉಸಿರಾಡುವಾಗ ಎದೆಯ ಮುಂಭಾಗ ಸುಮಾರು 4ರಿಂದ 12 ಮಿ.ಮೀ. ಏರಿಳಿಯುತ್ತದೆ. ಹೃದಯ ಬಡಿದಾಗ ಚರ್ಮ ಅದುರುವುದು ಅರ್ಧ ಮಿಲಿಮೀಟರಿಗಿಂತಲೂ ಕಡಿಮೆ. ಇಷ್ಟು ಸಣ್ಣ ಚಲನೆಯನ್ನು ಒಂದು ಮಾರು ದೂರದಿಂದ ಓದುವುದು ಅಚ್ಚರಿಯೇ ಸರಿ. ಹಿರಿಯ ತರಂಗದೂರದಲ್ಲಿ ಸಂಕೇತ ಮಂದ, ಆದರೆ ಲೆಕ್ಕ ಸುಲಭ. ಕಿರಿಯ ತರಂಗದೂರದಲ್ಲಿ ಸಂಕೇತ ಚುರುಕು, ಆದರೆ ಒಂದೇ ಉಸಿರಿನಲ್ಲಿ ಫೇಸ್ ಹಲವು ಸುತ್ತು ತಿರುಗಿಬಿಡುವುದರಿಂದ ಸುತ್ತುಗಳನ್ನು ತಪ್ಪದೆ ಎಣಿಸಬೇಕು.

ಹಳೆಯ ಸಾಧನಗಳು ಒಂದೇ ಕಂಪನಾಂಕದ ಅಲೆಯನ್ನು ಬಿಡುತ್ತಿದ್ದವು. ಅವಕ್ಕೆ ಚಲನೆ ಕಾಣುತ್ತಿತ್ತು, ಅದು ಎಷ್ಟು ದೂರದ್ದೆಂದು ತಿಳಿಯುತ್ತಿರಲಿಲ್ಲ. ಮಲಗಿದವರ ಉಸಿರೂ ಕಿಟಕಿಯ ಪರದೆಯ ಅಲುಗಾಟವೂ ಒಂದರೊಳಗೊಂದು ಬೆರೆತುಹೋಗುತ್ತಿದ್ದವು. ಈಗಿನವು ಹಕ್ಕಿಯ ಚಿಲಿಪಿಲಿಯಂತೆ ಕಂಪನಾಂಕವನ್ನು ಸರ್ರನೆ ಏರಿಸುತ್ತಾ ಅಲೆ ಬಿಡುತ್ತವೆ. ಏರಿಕೆಯ ಅಗಲ ಹೆಚ್ಚಿದಷ್ಟೂ ದೂರವನ್ನು ಸಣ್ಣ ಸಣ್ಣ ಪದರಗಳಾಗಿ ಕತ್ತರಿಸಬಹುದು. 4 ಗಿಗಾಹರ್ಟ್ಸ್ ಅಗಲ ಸಿಕ್ಕರೆ ಒಂದೊಂದು ಪದರ 3.75 ಸೆಂ.ಮೀ. 24 ಗಿಗಾಹರ್ಟ್ಸ್‌ನ ಕಿರಿದಾದ ಪಟ್ಟಿಯಲ್ಲಿ ಸಿಗುವ 250 ಮೆಗಾಹರ್ಟ್ಸ್‌ನಲ್ಲಿ ಒಂದು ಪದರವೇ 60 ಸೆಂ.ಮೀ., ಅಂದರೆ ಹೆಚ್ಚುಕಡಿಮೆ ಹಾಸಿಗೆಯ ಅರ್ಧ. 60 ಗಿಗಾಹರ್ಟ್ಸ್‌ನ ಸುತ್ತ ಸಂಶೋಧಕರು ನೆರೆದಿರುವುದಕ್ಕೆ ಮುಖ್ಯ ಕಾರಣ ಈ ಅಗಲ. ಇವುಗಳ ಶಕ್ತಿ ಮಿಲಿವ್ಯಾಟುಗಳಲ್ಲಿ, ಫೋನಿಗಿಂತ ಬಹಳ ಕಡಿಮೆ. ಈ ಅಲೆ ಚರ್ಮದೊಳಗೆ ಇಳಿಯುವುದು ಒಂದು ಮಿಲಿಮೀಟರಿಗಿಂತ ಕಡಿಮೆ ಆಳಕ್ಕೆ. ರೇಡಾರ್ ಎಂಬ ಹೆಸರಿಗೆ ಹೆದರಬೇಕಾದ ಕಾರಣ ಇಲ್ಲ.

ಪ್ರಯೋಗಾಲಯದಿಂದ ಹಾಸಿಗೆಯ ಪಕ್ಕಕ್ಕೆ ಇದನ್ನು ಮೊದಲು ತಂದವರಲ್ಲಿ ಡಬ್ಲಿನ್ ವಿಶ್ವವಿದ್ಯಾಲಯ ಕಾಲೇಜಿನಿಂದ ಹೊರಟ ಬಿಯಾಂಕಾಮೆಡ್ ಕಂಪನಿ ಮುಖ್ಯ. ಅದರ ಸ್ಲೀಪ್‌ಮೈಂಡರ್ 5.8 ಗಿಗಾಹರ್ಟ್ಸ್‌ನಲ್ಲಿ ನಡೆಯುತ್ತಿತ್ತು. ಸಿಪ್ಯಾಪ್ ತಯಾರಿಸುವ ರೆಸ್‌ಮೆಡ್ 2011ರಲ್ಲಿ ಆ ಕಂಪನಿಯನ್ನು ಕೊಂಡುಕೊಂಡಿತು. ಜಪಾನಿನಲ್ಲಿ ಟೋಕಿಯೋ ಮೆಟ್ರೋಪಾಲಿಟನ್ ವಿಶ್ವವಿದ್ಯಾಲಯದ ಕಗಾವಾ, ಮತ್ಸುಯಿ ಮತ್ತು ಸಂಗಡಿಗರು ಎದೆಗೊಂದು ಹೊಟ್ಟೆಗೊಂದು ರೇಡಾರ್ ಇಟ್ಟು ನೋಡುವ ದಾರಿ ಹಿಡಿದರು. ನಾರ್ವೆಯ ಸೋಮ್ನೋಫೈ, ಜ್ಯೂರಿಕ್‌ನ ಸ್ಲೀಪಿಜ್ ನಂತರ ಬಂದವು. 2021ರಲ್ಲಿ ಗೂಗಲ್ ತನ್ನ ಎರಡನೆಯ ನೆಸ್ಟ್ ಹಬ್‌ನಲ್ಲಿ 60 ಗಿಗಾಹರ್ಟ್ಸ್ ರೇಡಾರ್ ಇಟ್ಟಾಗ ಸಾಮಾನ್ಯ ಮನೆಗಳ ತನಕ ಸುದ್ದಿ ತಲುಪಿತು. ಅದು ನಿದ್ದೆಯ ಅವಧಿ, ಉಸಿರಿನ ವೇಗ ತೋರಿಸುತ್ತದೆಯೇ ಹೊರತು ಕಾಯಿಲೆಯನ್ನು ಹೇಳುವ ವೈದ್ಯಕೀಯ ಉಪಕರಣವಲ್ಲ.

ಕಷ್ಟ ಇರುವುದೆಲ್ಲಿ

ರೇಡಾರ್‌ಗೆ ಕಾಣುವುದು ಎದೆಯ ಚಲನೆ. ಕಾಯಿಲೆ ಇರುವುದು ಗಂಟಲಿನಲ್ಲಿ. ಈ ಕ್ಷೇತ್ರದ ಎಲ್ಲ ತೊಡಕುಗಳ ಬೇರೂ ಈ ಅಂತರದಲ್ಲಿದೆ.

ಕೇಂದ್ರ ಆಪ್ನಿಯಾ ಆದಾಗ ಎದೆಯೇ ನಿಲ್ಲುತ್ತದೆ. ರೇಡಾರ್‌ನ ಗೆರೆ ಸಪಾಟಾಗುತ್ತದೆ. ಗುರುತಿಸುವುದು ಸುಲಭ. ಹೃದಯ ಸೋತವರ ಏರಿಳಿವ ಉಸಿರಂತೂ ಅದರ ಪರದೆಯ ಮೇಲೆ ಬೆಟ್ಟದ ಸಾಲಿನಂತೆ ಮೂಡುತ್ತದೆ. ಆದರೆ ಬಹುಪಾಲು ರೋಗಿಗಳದ್ದು ಗಂಟಲು ಮುಚ್ಚುವ ಬಗೆ. ಅಲ್ಲಿ ಗಾಳಿ ನಿಂತರೂ ಎದೆ ಎಳೆದಾಡುತ್ತಲೇ ಇರುತ್ತದೆ. ವಪೆ ಕೆಳಕ್ಕೆ ಜಗ್ಗಿದಾಗ ಹೊಟ್ಟೆ ಉಬ್ಬುತ್ತದೆ, ಗಾಳಿ ಬಾರದ ಎದೆ ಒಳಕ್ಕೆ ಸೇದಿಕೊಳ್ಳುತ್ತದೆ. ಏತದ ಎರಡು ತುದಿಗಳ ಹಾಗೆ ಒಂದು ಏರಿದಾಗ ಇನ್ನೊಂದು ಇಳಿಯುತ್ತದೆ. ಎರಡನ್ನೂ ಒಟ್ಟಿಗೆ ನೋಡುವ ಒಂಟಿ ರೇಡಾರ್‌ಗೆ ಇದು ಬರೀ ಸಣ್ಣ ಉಸಿರಿನಂತೆ ಕಂಡೀತು, ಕೆಲವೊಮ್ಮೆ ಸಹಜ ಉಸಿರಿನಂತೆಯೂ ಕಂಡೀತು. ಟೋಕಿಯೋದವರು ಎರಡು ರೇಡಾರ್ ಬಳಸಿದ್ದು ಈ ಏತದಾಟವನ್ನು ಹಿಡಿಯಲೆಂದೇ. ಒಂದೇ ರೇಡಾರ್ ಇರುವವರು ಬೇರೆ ಸುಳಿವುಗಳನ್ನು ಹುಡುಕುತ್ತಾರೆ. ಏರಿಳಿತ ಕುಗ್ಗಿ, ಕೆಲವು ಸೆಕೆಂಡಿನ ಮೇಲೆ ದೊಡ್ಡ ಉಸಿರೊಂದು ಬಂದು, ಮೈ ಒಮ್ಮೆ ಹೊರಳಿ, ಮತ್ತೆ ಅದೇ ಕ್ರಮ ಮರುಕಳಿಸಿದರೆ ಅನುಮಾನ ಬಲವಾಗುತ್ತದೆ. ಇಂಥ ನೂರಾರು ಸುಳಿವುಗಳನ್ನು ಪೂರ್ಣ ಪರೀಕ್ಷೆಯ ದಾಖಲೆಗಳೊಂದಿಗೆ ಹೋಲಿಸಿ ಕಂಪ್ಯೂಟರಿಗೆ ಕಲಿಸಲಾಗುತ್ತದೆ. ಸಾಧನ ಯಾರ ದಾಖಲೆಯಿಂದ ಕಲಿತಿದೆಯೋ ಅಂಥವರಲ್ಲೇ ಚೆನ್ನಾಗಿ ನಡೆಯುತ್ತದೆ ಎಂಬ ಎಚ್ಚರ ಇಲ್ಲಿ ಸದಾ ಬೇಕು.

ಅರೆ ಉಸಿರುಕಟ್ಟು ಇನ್ನೂ ಕಠಿಣ. ಅದರ ವ್ಯಾಖ್ಯೆಯಲ್ಲೇ ಆಮ್ಲಜನಕದ ಇಳಿತ ಅಥವಾ ಮಿದುಳಿನ ಎಚ್ಚರವಿದೆ. ಈ ಎರಡನ್ನೂ ಯಾವ ರೇಡಾರೂ ಅಳೆಯಲಾರದು. ಬೆರಳಿಗೋ ಮಣಿಕಟ್ಟಿಗೋ ಆಮ್ಲಜನಕದ ಕ್ಲಿಪ್ ಹಾಕಿ ಎರಡನ್ನೂ ಜೋಡಿಸಿ ಓದಿದರೆ ನಿಖರತೆ ಹೆಚ್ಚುತ್ತದೆ. ಮೈಮುಟ್ಟದ ಪರೀಕ್ಷೆ ಎಂಬ ಹೆಮ್ಮೆಯನ್ನು ಅಷ್ಟರಮಟ್ಟಿಗೆ ಬಿಟ್ಟುಕೊಡಬೇಕು. ನನ್ನ ದೃಷ್ಟಿಯಲ್ಲಿ ಬಿಟ್ಟುಕೊಡುವುದೇ ಸರಿ. ಇನ್ನೊಂದು ಮಾತು: ಬೆರಳಿನ ಕ್ಲಿಪ್ ಬೆಳಕಿನಿಂದ ಅಳೆಯುವುದರಿಂದ ಕಪ್ಪು ಚರ್ಮದವರಲ್ಲಿ ಆಮ್ಲಜನಕವನ್ನು ಇರುವುದಕ್ಕಿಂತ ಹೆಚ್ಚಾಗಿ ತೋರಿಸಬಹುದೆಂದು ಗೊತ್ತಾಗಿದೆ. ರೇಡಾರ್‌ಗೆ ಚರ್ಮದ ಬಣ್ಣದ ಹಂಗಿಲ್ಲ. ಒಂದರ ಕೊರತೆಯನ್ನು ಇನ್ನೊಂದು ತುಂಬಬಲ್ಲದು.

ಭಾಜಕದ ತೊಡಕು ಹೊರಗಿನವರಿಗೆ ಬೇಗ ಹೊಳೆಯುವುದಿಲ್ಲ. ಸೂಚ್ಯಂಕ ಸಿಗಬೇಕಾದರೆ ನಿದ್ರಿಸಿದ ಗಂಟೆಗಳು ಗೊತ್ತಿರಬೇಕು. ಮಿದುಳಿನ ಅಲೆ ಕಾಣದ ರೇಡಾರ್‌ಗೆ ಕಣ್ಣುಮುಚ್ಚಿ ಸುಮ್ಮನೆ ಮಲಗಿದವರೂ ನಿದ್ರಿಸುತ್ತಿರುವವರೂ ಒಂದೇ ಬಗೆ. ಒಬ್ಬರು 8 ಗಂಟೆ ಹಾಸಿಗೆಯಲ್ಲಿದ್ದು 6 ಗಂಟೆ ಮಾತ್ರ ನಿದ್ರಿಸಿದರು, ಉಸಿರು 108 ಸಲ ಕಟ್ಟಿತು ಎಂದಿಟ್ಟುಕೊಳ್ಳೋಣ. ನಿಜವಾದ ಸೂಚ್ಯಂಕ 18, ಅಂದರೆ ಮಧ್ಯಮ. ರೇಡಾರ್ 8 ಗಂಟೆಯನ್ನೂ ನಿದ್ದೆಯೆಂದು ಎಣಿಸಿದರೆ 13.5 ಆಗಿ, ಸೌಮ್ಯದ ಪಟ್ಟಿಗೆ ಬೀಳುತ್ತದೆ. ಎಣಿಕೆಯಲ್ಲಿ ಒಂದೂ ತಪ್ಪಿಲ್ಲದೆ ಉತ್ತರ ತಪ್ಪಾಯಿತು. ನಿದ್ದೆ ಬಾರದೆ ಒದ್ದಾಡುವ ವಯಸ್ಸಾದವರಲ್ಲಿ ಈ ಅಪಾಯ ಹೆಚ್ಚು.

ಮನೆಯ ಪರಿಸರದ ಪ್ರಶ್ನೆಯೂ ಇದೆ. ಈ ಸಾಧನಗಳ ಕಲ್ಪನೆಯಲ್ಲಿರುವುದು ಒಬ್ಬರಿಗೊಂದು ಮಂಚ, ಪಕ್ಕದಲ್ಲೊಂದು ಪುಟ್ಟ ಮೇಜು, ಮುಚ್ಚಿದ ಕೋಣೆ. ನಮ್ಮ ಎಷ್ಟೋ ಮನೆಗಳಲ್ಲಿ ನಡುಮನೆಯಲ್ಲೇ ಸಾಲಾಗಿ ಚಾಪೆ ಹಾಸಿ ಅಜ್ಜಿ, ಮೊಮ್ಮಕ್ಕಳು, ತಂದೆತಾಯಿ ಮಲಗುತ್ತಾರೆ. ಯಾರ ಉಸಿರು ಯಾರದೆಂದು ಬೇರ್ಪಡಿಸಬೇಕಾದರೆ ದೂರದ ಜೊತೆಗೆ ದಿಕ್ಕನ್ನೂ ಅಳೆಯಬಲ್ಲ, ಹಲವು ಆಂಟೆನಾಗಳ ರೇಡಾರ್ ಬೇಕು. ಮಗು ನಿದ್ದೆಯಲ್ಲಿ ಉರುಳಿ ಅಜ್ಜಿಯ ಮಗ್ಗುಲಿಗೆ ಸೇರಿದರೆ ಆ ರೇಡಾರೂ ಸೋಲಬಹುದು. ತಲೆಯ ಮೇಲೆ ತಿರುಗುವ ಫ್ಯಾನಿನ ರೆಕ್ಕೆಗಳ ವೇಗ ಉಸಿರಿಗಿಂತ ಬಹಳ ಹೆಚ್ಚು, ಹಾಗಾಗಿ ಅದನ್ನು ಸೋಸಿ ತೆಗೆಯಬಹುದು. ಫ್ಯಾನಿನ ಗಾಳಿಗೆ ತೂಗಾಡುವ ಸೊಳ್ಳೆಪರದೆ, ಗೂಟಕ್ಕೆ ನೇತುಹಾಕಿದ ಬಟ್ಟೆ ಇವು ಉಸಿರಿನ ವೇಗದಲ್ಲೇ ತೊಯ್ದಾಡುತ್ತವೆ. ಅವೇ ನಿಜವಾದ ಶತ್ರು. ಮಗ್ಗುಲು ತಿರುಗಿ ಬೆನ್ನು ಹಾಕಿ ಮಲಗಿದಾಗ ಚಲನೆಯ ಗಾತ್ರ ತಗ್ಗುತ್ತದೆ. ಇಂಥ ಮನೆಗಳಲ್ಲೇ ಪರೀಕ್ಷಿಸದೆ ಸಾಧನವೊಂದು ಭಾರತಕ್ಕೆ ಸರಿಹೊಂದುತ್ತದೆ ಎಂದು ಯಾರೂ ಹೇಳಬಾರದು.

ಇಷ್ಟೆಲ್ಲ ಮಿತಿಯ ನಡುವೆ ರೇಡಾರ್‌ನ ನಿಜವಾದ ಬಲವೂ ಇದೆ. ಅದು ಹಲವು ರಾತ್ರಿಗಳನ್ನು ನೋಡಬಲ್ಲದು. ಉಸಿರುಕಟ್ಟು ದಿನದಿನಕ್ಕೆ ಬದಲಾಗುತ್ತದೆ. ಅಂಗಾತ ಮಲಗಿದ ರಾತ್ರಿ ಹೆಚ್ಚು, ಮಗ್ಗುಲಾದ ರಾತ್ರಿ ಕಡಿಮೆ. ಮದ್ಯ ಕುಡಿದರೆ, ಮೂಗು ಕಟ್ಟಿದರೆ ಹೆಚ್ಚು. ಒಂದೇ ರಾತ್ರಿಯ ಪರೀಕ್ಷೆ ಒಂದು ದಿನದ ಮಳೆ ನೋಡಿ ವರ್ಷದ ಬೆಳೆ ಲೆಕ್ಕ ಹಾಕಿದಂತೆ. ತಂತಿಯಿಲ್ಲದ ಸಾಧನವನ್ನು ಎರಡು ವಾರ ಇಟ್ಟರೂ ಯಾರಿಗೂ ತೊಂದರೆಯಿಲ್ಲ. ಮಧ್ಯಮ ಮತ್ತು ತೀವ್ರ ಪ್ರಕರಣಗಳಲ್ಲಿ ಪೂರ್ಣ ಪರೀಕ್ಷೆಯೊಂದಿಗೆ ಹೊಂದಾಣಿಕೆ ಚೆನ್ನಾಗಿದೆ, ಸೌಮ್ಯ ಪ್ರಕರಣಗಳಲ್ಲಿ ಅಷ್ಟಿಲ್ಲ. ಜರಡಿಗೆ ಇದು ಒಪ್ಪುವ ಗುಣ. ಅವಧಿಗೆ ಮುನ್ನ ಹುಟ್ಟಿದ ಶಿಶುಗಳಲ್ಲಿ ಉಸಿರು 20 ಸೆಕೆಂಡು ನಿಲ್ಲುವುದುಂಟು. ಅವುಗಳ ಚರ್ಮ ಎಷ್ಟು ನವಿರೆಂದರೆ ಅಂಟುಬಿಲ್ಲೆ ಕೀಳುವಾಗ ಗಾಯವಾಗುತ್ತದೆ. ಸುಟ್ಟಗಾಯದ ರೋಗಿಗಳು, ತಂತಿ ಕಿತ್ತೆಸೆಯುವ ಮರೆವಿನ ಕಾಯಿಲೆಯ ಹಿರಿಯರು, ಮನೋರೋಗ ವಾರ್ಡಿನಲ್ಲಿರುವವರು, ಇವರಿಗೆಲ್ಲ ಮುಟ್ಟದೆ ನೋಡುವ ಕಣ್ಣು ನಿಜವಾದ ಉಪಕಾರ.

ಜರಡಿಯ ಲೆಕ್ಕ

ಒಂದು ಸಾಧನ ಕಾಯಿಲೆಯಿರುವ ನೂರರಲ್ಲಿ 90 ಜನರನ್ನು ಹಿಡಿಯುತ್ತದೆ, ಇಲ್ಲದ ನೂರರಲ್ಲಿ 90 ಜನರನ್ನು ಸರಿಯಾಗಿ ಬಿಡುತ್ತದೆ ಎಂದಿಟ್ಟುಕೊಳ್ಳಿ. ಊರಿನ 1,000 ಜನರಲ್ಲಿ ಕಾಯಿಲೆ 100 ಜನರಿಗಿದ್ದರೆ 90 ಮಂದಿ ಸಿಕ್ಕಿಬೀಳುತ್ತಾರೆ. ಉಳಿದ 900 ಆರೋಗ್ಯವಂತರಲ್ಲೂ 90 ಮಂದಿಗೆ ಕೆಂಪುದೀಪ ಹತ್ತುತ್ತದೆ. ಅಂದರೆ ಎಚ್ಚರಿಕೆ ಬಂದವರಲ್ಲಿ ಅರ್ಧ ಜನರಿಗೆ ಕಾಯಿಲೆಯೇ ಇಲ್ಲ. ಅದೇ ಸಾಧನವನ್ನು ಗೊರಕೆ, ತೂಕಡಿಕೆ, ರಕ್ತದೊತ್ತಡ ಇರುವ 1,000 ಜನರ ಮೇಲೆ ಬಳಸಿ, ಅವರಲ್ಲಿ 600 ಜನರಿಗೆ ಕಾಯಿಲೆ ಇದ್ದರೆ, 540 ನಿಜವಾದ ಎಚ್ಚರಿಕೆಗೆ 40 ಸುಳ್ಳು ಎಚ್ಚರಿಕೆ ಮಾತ್ರ. ಸಾಧನ ಒಂದೇ, ಅದರ ಮಾತಿನ ತೂಕ ಬೇರೆ. ಆದ್ದರಿಂದ ಊರಿಗೆಲ್ಲ ಒಂದೇ ಸಮನೆ ರೇಡಾರ್ ಹಂಚುವುದಕ್ಕಿಂತ, ಮೊದಲು ಎಂಟು ಪ್ರಶ್ನೆಗಳ ಸ್ಟಾಪ್-ಬ್ಯಾಂಗ್ ಪಟ್ಟಿಯಂಥ ಸರಳ ಪ್ರಶ್ನಾವಳಿಯಿಂದ ಅನುಮಾನವಿರುವವರನ್ನು ಆರಿಸಿ, ಬಳಿಕ ರೇಡಾರ್ ಇಡುವುದು ಮೇಲು. ಅಮೆರಿಕದ ಮುಂಜಾಗ್ರತಾ ಸೇವೆಗಳ ಕಾರ್ಯಪಡೆ 2022ರಲ್ಲಿ, ಲಕ್ಷಣವಿಲ್ಲದ ವಯಸ್ಕರನ್ನೆಲ್ಲ ತಪಾಸಿಸುವುದರಿಂದ ಒಳಿತಾಗುತ್ತದೆ ಎನ್ನಲು ಪುರಾವೆ ಸಾಲದು ಎಂದಿತು. 2016ರಲ್ಲಿ ಪ್ರಕಟವಾದ ಸೇವ್ ಎಂಬ ದೊಡ್ಡ ಪ್ರಯೋಗದಲ್ಲಿ, ಆಗಲೇ ಹೃದಯ ಅಥವಾ ಮಿದುಳಿನ ರಕ್ತನಾಳದ ಕಾಯಿಲೆ ಇದ್ದ 2,717 ರೋಗಿಗಳಲ್ಲಿ ಸಿಪ್ಯಾಪ್ ಹೃದಯಾಘಾತ, ಪಾರ್ಶ್ವವಾಯುಗಳನ್ನು ತಗ್ಗಿಸಲಿಲ್ಲ. ತೂಕಡಿಕೆ, ಗೊರಕೆ, ಮನಸ್ಸಿನ ನೆಮ್ಮದಿಯಲ್ಲಿ ಮಾತ್ರ ಸುಧಾರಣೆ ಕಂಡಿತು. ಆ ಪ್ರಯೋಗದಲ್ಲಿ ಮುಖವಾಡ ಹಾಕಿಕೊಂಡ ಸರಾಸರಿ ಅವಧಿ ರಾತ್ರಿಗೆ ಸುಮಾರು ಮೂರೂಕಾಲು ಗಂಟೆ ಎಂಬುದನ್ನೂ ಮರೆಯಬಾರದು. ರೇಡಾರ್ ಮಾರುವವರು ಈ ಎರಡು ಸಂಗತಿಗಳನ್ನು ಮುಚ್ಚಿಟ್ಟು, ಗೊರಕೆಯಿಂದ ನೇರವಾಗಿ ಹೃದಯಾಘಾತಕ್ಕೆ ಜಿಗಿದು ಹೆದರಿಸುವುದು ಸರಿಯಲ್ಲ.

ಹುಡುಕಿದ ಮೇಲೆ ಕೊಡಲು ಚಿಕಿತ್ಸೆ ಬೇಕು. ತೂಕ ಇಳಿಸುವುದು, ಮಗ್ಗುಲಾಗಿ ಮಲಗುವುದು, ಸಿಪ್ಯಾಪ್, ಕೆಳದವಡೆಯನ್ನು ಮುಂದಿಡುವ ಬಾಯಿಸಾಧನ, ಕೆಲವರಿಗೆ ಶಸ್ತ್ರಚಿಕಿತ್ಸೆ ಇವೆ. ಸ್ಥೂಲಕಾಯವಿರುವ ಮಧ್ಯಮ, ತೀವ್ರ ರೋಗಿಗಳಿಗೆ ಟಿರ್ಜೆಪಟೈಡ್ ಚುಚ್ಚುಮದ್ದನ್ನು ಅಮೆರಿಕ 2024ರ ಡಿಸೆಂಬರಿನಲ್ಲಿ ಒಪ್ಪಿತು.

ಕರ್ನಾಟಕ, ಕಾನೂನು, ಖಾಸಗಿತನ

ಬೆಂಗಳೂರಿಗೂ ಈ ವಿದ್ಯೆಗೂ ನಂಟಿದೆ. ರಕ್ಷಣಾ ಸಂಶೋಧನೆಯ ರೇಡಾರ್ ಸಂಸ್ಥೆ ಎಲ್‌ಆರ್‌ಡಿಇ ಇಲ್ಲಿಯದೇ. 1985ರಲ್ಲಿ ಇಲ್ಲಿ ಕೇಂದ್ರ ತೆರೆದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಒಂಟಿ ಚಿಪ್ ರೇಡಾರ್‌ಗಳ ವಿನ್ಯಾಸದಲ್ಲಿ ಬೆಂಗಳೂರಿನ ಎಂಜಿನಿಯರ್‌ಗಳ ಪಾಲಿದೆ. ಕಾರುಗಳಿಗೂ ಕಾರ್ಖಾನೆಗಳಿಗೂ ಬಂದ ಆ ಚಿಪ್‌ಗಳನ್ನೇ ಜಗತ್ತಿನ ಅನೇಕ ಸಂಶೋಧಕರು ಉಸಿರಾಟದ ಅಧ್ಯಯನಕ್ಕೆ ಬಳಸುತ್ತಾರೆ. ಬೆಂಗಳೂರಿನ ಡೋಝೀ ಇನ್ನೊಂದು ದಾರಿ ಹಿಡಿದಿದೆ. ಹಾಸಿಗೆಯ ಕೆಳಗಿಟ್ಟ ತೆಳು ಹಾಳೆಯಿಂದ ಹೃದಯದ ಬಡಿತ, ಉಸಿರುಗಳ ಅದುರನ್ನು ಅದು ಓದುತ್ತದೆ, ಆಸ್ಪತ್ರೆಗಳ ವಾರ್ಡುಗಳಲ್ಲಿ ಬಳಕೆಯಲ್ಲಿದೆ. ಅದು ರೇಡಾರ್ ಅಲ್ಲದಿದ್ದರೂ ಗುರಿ ಹತ್ತಿರದ್ದು.

ಕಂಪನಾಂಕದ ಕಾನೂನು ಎಷ್ಟು ನಿರ್ಣಾಯಕ ಎಂಬುದಕ್ಕೆ 2019ರ ನಿದರ್ಶನವಿದೆ. ಸೋಲಿ ಎಂಬ 60 ಗಿಗಾಹರ್ಟ್ಸ್ ರೇಡಾರ್ ಹೊತ್ತ ಗೂಗಲ್ ಪಿಕ್ಸೆಲ್ 4 ಫೋನು ಭಾರತದ ಮಾರುಕಟ್ಟೆಗೆ ಬರಲೇ ಇಲ್ಲ. ಆ ಪಟ್ಟಿಗೆ ಇಲ್ಲಿ ಅನುಮತಿ ಇಲ್ಲದಿರುವುದೇ ಕಾರಣವೆಂದು ಆಗ ವರದಿಯಾಯಿತು. ರೋಗ ಪತ್ತೆಗೆ ಬಳಸುವ ಸಾಧನಕ್ಕೆ ಇದರ ಜೊತೆಗೆ 2017ರ ವೈದ್ಯಕೀಯ ಸಾಧನಗಳ ನಿಯಮಗಳೂ ಅನ್ವಯಿಸುತ್ತವೆ. ಕ್ಷೇಮದ ಉಪಕರಣ ಎಂಬ ಹಣೆಪಟ್ಟಿಯಡಿ ಮಾರಿ, ಜಾಹೀರಾತಿನಲ್ಲಿ ಮಾತ್ರ ಕಾಯಿಲೆಯ ಮಾತಾಡುವವರ ಮೇಲೆ ಕಣ್ಣಿಡಬೇಕು. ಈ ರೇಡಾರ್ ಚಿತ್ರ ತೆಗೆಯುವುದಿಲ್ಲ, ನಿಜ. ಯಾರು ಎಷ್ಟು ಹೊತ್ತಿಗೆ ಮಲಗಿದರು, ಎಷ್ಟು ಸಲ ಎದ್ದರು, ಕೋಣೆಯಲ್ಲಿ ಎಷ್ಟು ಜನರಿದ್ದರು ಎಂಬುದೆಲ್ಲ ಅದಕ್ಕೆ ಗೊತ್ತು. ವಿಮಾ ಕಂಪನಿಗೋ ನೌಕರಿ ಕೊಟ್ಟವರಿಗೋ ಈ ಮಾಹಿತಿ ಸೇರಿದರೆ ಚಾಲಕನೊಬ್ಬನ ಅನ್ನಕ್ಕೇ ಕುತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಪ್ಪಿಗೆಯನ್ನು ಕೇಳುತ್ತದೆ. ಮಲಗಿದ ಮನುಷ್ಯನ ಪಕ್ಕದಲ್ಲಿ ಮಲಗಿದ ಇನ್ನೊಬ್ಬರ ಒಪ್ಪಿಗೆಯನ್ನೂ ಕೇಳಬೇಕೆಂಬುದು ಈ ಲೇಖಕನ ನಿಲುವು.

ರೇಡಾರ್ ಮನೆಮನೆಗೆ ಬರುವ ತನಕ ಕಾಯಬೇಕಾಗಿಲ್ಲ. ಮನೆಯಲ್ಲಿ ಯಾರದಾದರೂ ಗೊರಕೆ ನಡುವೆ ತಟ್ಟನೆ ನಿಂತು, ಹತ್ತು ಸೆಕೆಂಡಿಗೂ ಹೆಚ್ಚು ಹೊತ್ತು ಉಸಿರು ಬಾರದೆ, ಆಮೇಲೆ ಗೊರ್ರೆಂದು ಶುರುವಾಗುತ್ತಿದ್ದರೆ, ಅವರಿಗೆ ತಿಳಿಸಿ ಒಪ್ಪಿಸಿ, ಫೋನಿನಲ್ಲಿ ಎರಡು ನಿಮಿಷ ವಿಡಿಯೋ ಮಾಡಿಕೊಳ್ಳಿ. ಅದನ್ನು ಶ್ವಾಸಕೋಶದ ಅಥವಾ ಕಿವಿ-ಮೂಗು-ಗಂಟಲಿನ ವೈದ್ಯರಿಗೆ ತೋರಿಸಿ.